ಕೈಗುಣ

೫ ಆಗಸ್ಟ್ ೨೦೨೪, ಸೋಮವಾರ

ನಾನು ದೇವಕ್ಕ ವಿರೂಪಾಕ್ಷಪ್ಪ ಕರಿಕಟ್ಟಿ. ವಯಸ್ಸು ಅರವತ್ತೇಳು. ತವರು ಹೂಲಿ. ಓದಿದ್ದು ಸವದತ್ತಿಯ ಹೈಸ್ಕೂಲಿನಲ್ಲಿ, ಮ್ಯಾಟ್ರಿಕ್‌ವರೆಗೆ. ಬೈಲಹೊಂಗಲದ ಮಾರುಕಟ್ಟೆಯಲ್ಲಿ ನಮ್ಮ ಅಡತಿ ಅಂಗಡಿ ಮೂರು ತಲೆಮಾರಿನದು. ರೈತರ ಹತ್ತಿಯನ್ನೂ ಬೆಲ್ಲವನ್ನೂ ಮಾರಿಸಿಕೊಟ್ಟು ದಲಾಲಿ ತೆಗೆದುಕೊಳ್ಳುವ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಗಾದಿಯ ಮೇಲೆ ನಾನೇ ಕುಳಿತೆ. ಈಗ ಮಗ ಸಿದ್ಧಾರೂಢ ಕೂರುತ್ತಾನೆ. ಓಣಿಯ ಅಕ್ಕನ ಬಳಗಕ್ಕೆ ಹತ್ತೊಂಬತ್ತು ವರ್ಷಗಳಿಂದ ನಾನೇ ಅಧ್ಯಕ್ಷೆ. ಚುನಾವಣೆ ಒಮ್ಮೆಯೂ ನಡೆದಿಲ್ಲ. ನಡೆಸುವ ಅಗತ್ಯ ಯಾರಿಗೂ ಕಂಡಿಲ್ಲ.

ಇಷ್ಟನ್ನು ಬರೆದಿಡುವುದು ಏಕೆಂದರೆ ಈ ಹನ್ನೊಂದು ದಿನಗಳಿಂದ ಕೆಲವರು ಇದನ್ನೆಲ್ಲ ಮರೆತವರ ಹಾಗೆ ಮಾತಾಡುತ್ತಿದ್ದಾರೆ.

ಜುಲೈ ಇಪ್ಪತ್ತೈದರಿಂದ ಕಾಯಿನ್ ಆ್ಯಪ್ ತೆರೆಯುತ್ತಿಲ್ಲ. ದುಡ್ಡು ಹಾಕಿದರೆ ಅದರಲ್ಲಿ ಫೋನಿನೊಳಗಿನ ನಾಣ್ಯ ಸಿಗುತ್ತಿತ್ತು, ಆ ನಾಣ್ಯವನ್ನು ಓಣಿಯ ಹೆಂಗಸರು ಬಿಲ್ಲಿ ಎನ್ನುತ್ತಾರೆ. ಜನವರಿಯಲ್ಲಿ ಶೀತಲ ಎಂಬ ಹುಡುಗಿ ಬಳಗದ ಸಭೆಗೆ ಬಂದು ಅದನ್ನು ಪರಿಚಯಿಸಿದಳು. ರಾಮದುರ್ಗದ ಕಡೆಯವಳು, ಮಾತು ನಯ, ಸೀರೆ ಉಟ್ಟ ರೀತಿ ಮರ್ಯಾದೆಯದು. ಮೊದಲು ಹಾಕಿದವಳು ನಾನು. ನನ್ನದು ಬೆಳೆಯುವುದನ್ನು ನೋಡಿ ಉಳಿದವರೂ ಹಾಕಿದರು, ನಲವತ್ಮೂರು ಜನ. ಮೊದಲ ಸಲ ದುಡ್ಡು ಹಾಕುವಾಗ ಎಲ್ಲರೂ ನನ್ನ ಫೋನಿನಲ್ಲಿ, ನನ್ನ ಬೆರಳಿನಿಂದಲೇ ಒತ್ತಿಸಿದರು. ಹೊಸ ಅಂಗಡಿಯ ಮೊದಲ ಬೋಣಿ, ಮಗುವಿನ ಮೊದಲ ತುತ್ತು, ಎಲ್ಲಕ್ಕೂ ನನ್ನ ಕೈ ಮುಟ್ಟಿಸುವುದು ಈ ಓಣಿಯ ರೂಢಿ. ನನ್ನ ಕೈಗುಣ ಅಂಥದ್ದು. ನನ್ನ ಬಿಲ್ಲಿ ಉಳಿದವರದಕ್ಕಿಂತ ಬೇಗ ಬೆಳೆದದ್ದೂ ಅದರಿಂದಲೇ.

ಈಗ ಎಲ್ಲರದೂ ಹೋಗಿದೆ, ಒಟ್ಟು ಅರವತ್ತೊಂದು ಲಕ್ಷ. ನಿನ್ನೆಯ ಸಭೆಯಲ್ಲಿ ನಾನು ಮಾತು ಕೊಟ್ಟೆ: ದೀಪಾವಳಿಯ ಒಳಗೆ ನಿಮ್ಮ ದುಡ್ಡು ನಿಮಗೆ. ಯಾವ ವ್ಯಾಪಾರಕ್ಕೂ ಒಂದು ಹೊಟ್ಟೆ ಇರುತ್ತದೆ. ಅದು ಎಲ್ಲಿಂದ ಉಣ್ಣುತ್ತದೆ ಎಂದು ತಿಳಿದರೆ ಅದನ್ನು ಹಿಡಿಯಬಹುದು. ತಿಳಿದುಕೊಳ್ಳುತ್ತೇನೆ.

೭ ಆಗಸ್ಟ್, ಬುಧವಾರ

ಮೊಮ್ಮಗಳು ಮೀನಾ ಎಂ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಜಗತ್ತಿನ ಇಂಟರ್‌ನೆಟ್ ಕಂಪನಿಗಳು ಹೇಗೆ ದುಡಿಯುತ್ತವೆ ಎಂಬುದೇ ಅವಳಿಗೆ ಒಂದು ಪೇಪರ್. ದೀಪ ಹಚ್ಚಿದ ಮೇಲೆ ದಿನಾ ಒಂದು ತಾಸು ನನಗೆ ಅದನ್ನು ಕಲಿಸಬೇಕು ಎಂದು ಹೇಳಿದೆ. ಕೇಳಿದೆ ಎಂದಲ್ಲ, ಹೇಳಿದೆ.

ಇಂದಿನ ಪಾಠ. ಗೂಗಲ್: ಹುಡುಕಿದ್ದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಾವು ಏನು ಹುಡುಕಿದೆವೋ ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ತೋರಿಸುತ್ತಾರೆ. ದುಡ್ಡು ಕೊಡುವವರು ಜಾಹೀರಾತಿನವರು. ಹಾಗಾದರೆ ಅವರ ಅಂಗಡಿಯಲ್ಲಿ ಮಾಲು ಯಾವುದು ಎಂದು ಕೇಳಿದೆ.

“ನೀನ ಆಯಿ. ನೀ ನೋಡ್ತೀಯಲ್ಲ, ಅದ ಮಾಲು.”

ಸರಿಯಾಗಿ ಮಾತಾಡು ಎಂದೆ. ಸರಿಯಾಗಿಯೇ ಹೇಳಿದೆ ಎಂದಳು.

ಒಂದೂ ಕಾರಿಲ್ಲದ ಬಾಡಿಗೆ ಕಾರಿನ ಕಂಪನಿ, ಒಂದೂ ಕೋಣೆಯಿಲ್ಲದ ವಸತಿ ಕಂಪನಿ. ಮೀನಾ ಇವನ್ನು ದೊಡ್ಡ ಅಚ್ಚರಿಯಂತೆ ಹೇಳಿದಳು. ನಮ್ಮ ಅಂಗಡಿಯಲ್ಲಿ ರಾಶಿ ಬಿದ್ದ ಹತ್ತಿಯಲ್ಲಿ ಒಂದು ಎಳೆಯಾದರೂ ನಮ್ಮದಿತ್ತೇ? ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸುವುದು, ನಡುವೆ ದಲಾಲಿ ತೆಗೆದುಕೊಳ್ಳುವುದು. ಅಮೆರಿಕದವರು ಈಗ ಕಲಿತದ್ದನ್ನು ನಮ್ಮ ಮಾವನವರು ಕಚ್ಚೆ ಪಂಚೆ ಉಟ್ಟುಕೊಂಡು ಮಾಡುತ್ತಿದ್ದರು. ಇದರಲ್ಲಿ ನನಗೆ ತಿಳಿಯದ್ದು ಏನೂ ಇರಲಾರದು.

೧೩ ಆಗಸ್ಟ್, ಮಂಗಳವಾರ

ರೊಟ್ಟಿ ಮಾರುವ ಕೆಂಚವ್ವ ಬಂದಿದ್ದಳು. ಹಿತ್ತಲ ಬಾಗಿಲಿನ ಹೊರಗೆ ನಿಂತಳು. ಬುಟ್ಟಿ ತರುವವರು ನಿಲ್ಲುವುದು ಅಲ್ಲೇ. ಅವಳು ಬಳಗದವಳಲ್ಲ. ಬಳಗದ ಪ್ರಸಾದಕ್ಕೆ ರೊಟ್ಟಿ ತರುತ್ತಾ ಮಾತು ಕೇಳಿಸಿಕೊಂಡು ತಾನೂ ಹಾಕಿದವಳು. ಎರಡು ಎಮ್ಮೆ ಮಾರಿದ್ದು, ಹನ್ನೆರಡು ವರ್ಷ ರೊಟ್ಟಿ ಬಡಿದು ಕೂಡಿಟ್ಟದ್ದು, ಸೇರಿ ಎರಡು ಲಕ್ಷ ಹತ್ತು ಸಾವಿರ. ಸ್ವಂತ ಹಿಟ್ಟಿನ ಗಿರಣಿ ಹಾಕುವ ಯೋಚನೆಯಿತ್ತಂತೆ. ಅಂಥವಳಿಗೆ ಬಿಲ್ಲಿ ಯಾಕೆ ಬೇಕಿತ್ತು?

ಏನಾದರೂ ತಿಳಿಯಿತೇ ಎಂದು ಕೇಳಿದಳು. ಓದುತ್ತಿದ್ದೇನೆ ಎಂದೆ. ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು, “ಓದ್ರಿ ಅವ್ವಾರ, ಓದ್ರಿ. ನಮ್ಮ ಪೈಕಿ ಓದಾಕ ಬರೂದು ನಿಮಗ ಒಬ್ಬರಿಗೆ,” ಎಂದು ಹೋದಳು.

ಸಿದ್ಧಾರೂಢ ಊಟಕ್ಕೆ ಕುಳಿತಾಗ ನನ್ನ ವಹಿಯನ್ನು ನೋಡಿ ನಕ್ಕ. ಪರೀಕ್ಷೆ ಯಾವಾಗ ಎಂದು ಕೇಳಿದ. ಇನ್ನೊಂದು ರೊಟ್ಟಿ ಬಡಿಸಿದೆ.

೨೨ ಆಗಸ್ಟ್, ಗುರುವಾರ

ಬಿಟ್‌ಕಾಯಿನ್ ಮುಗಿಯಿತು. ಐದು ದಿನ ಹಿಡಿಯಿತು. ಅದಕ್ಕೆ ಗಾದಿಯಿಲ್ಲ, ಯಜಮಾನನಿಲ್ಲ. ಒಂದು ಲೆಕ್ಕದ ವಹಿ, ಅದೇ ವಹಿ ಸಾವಿರಾರು ಕಡೆ ಒಟ್ಟಿಗೇ ಇರುತ್ತದೆ. ಒಬ್ಬ ತಿದ್ದಿದರೆ ಉಳಿದ ವಹಿಗಳು ಒಪ್ಪುವುದಿಲ್ಲ. ಎರಡು ಕೋಟಿ ಹತ್ತು ಲಕ್ಷಕ್ಕಿಂತ ಹೆಚ್ಚು ಹುಟ್ಟುವುದಿಲ್ಲ. ಬೆಲೆ ಏರುವುದು, ಬೀಳುವುದು ಬೇರೆ ಮಾತು. ವಹಿಯನ್ನು ಇಷ್ಟು ನಿಷ್ಠೆಯಿಂದ ಬರೆಯುವುದನ್ನು ನೋಡಿ ಒಂದು ಗೌರವ ಬಂತು. ಇದನ್ನು ಕೊಳ್ಳುವ, ಮಾರುವ ಪೇಟೆಗಳೂ ಇವೆ. ಅವು ನಮ್ಮ ಹಾಗೆಯೇ, ಎರಡೂ ಕಡೆಯಿಂದ ದಲಾಲಿ.

ಆಮೇಲೆ ನಮ್ಮ ಬಿಲ್ಲಿಯನ್ನು ಹುಡುಕಿಸಿದೆ. ಅದರ ವಹಿ ಎಲ್ಲಿಯೂ ಇಲ್ಲ. ಯಾವ ಪೇಟೆಯಲ್ಲೂ ಅದು ಮಾರಾಟವಾಗುವುದಿಲ್ಲ. ದಿನದ ಬೆಲೆಯನ್ನು ಕಂಪನಿಯವರೇ ಪರದೆಯ ಮೇಲೆ ಬರೆಯುತ್ತಿದ್ದರು. ಅಂದರೆ ಹರಾಜಿನ ಸವಾಲಿಲ್ಲ, ತೂಕವಿಲ್ಲ, ಕೊಳ್ಳುವವನೂ ಇಲ್ಲ.

ಶೀತಲ ಕಳಿಸಿದ್ದ ಒಂದು ಪುಸ್ತಕ ಫೋನಿನಲ್ಲಿತ್ತು, ವೈಟ್ ಪೇಪರ್ ಎಂದು ಹೆಸರು. ಬಿಳಿ ಹಾಳೆಯಾದರೆ ಓದುವುದೇನು ಎಂದೆ. ಮೀನಾ ಬಹಳ ಹೊತ್ತು ನಕ್ಕಳು. ಅದು ಕಂಪನಿಯ ವ್ಯವಹಾರವನ್ನು ವಿವರಿಸುವ ಪುಸ್ತಕವಂತೆ. ಮೂವತ್ತೆರಡು ಪುಟ. ಜೋರಾಗಿ ಓದಿ ಅರ್ಥ ಹೇಳುತ್ತಾ ಹೋದಳು. ಭೂಮಿಯ ಭವಿಷ್ಯ, ಮನುಷ್ಯನ ಸ್ವಾತಂತ್ರ್ಯ, ಎಲ್ಲ ಇತ್ತು. ಆದಾಯ ಎಲ್ಲಿಂದ ಎಂಬ ಒಂದು ಸಾಲು ಮಾತ್ರ ಬರಲಿಲ್ಲ. ಇಪ್ಪತ್ತಾರನೆಯ ಪುಟ ಮುಗಿದಾಗ ಗಂಟಲು ನೋವು ಎಂದು ನಿಲ್ಲಿಸಿದಳು. ಶುಂಠಿ ಕಷಾಯ ಮಾಡಿಸಿಕೊಟ್ಟೆ.

೩ ಸೆಪ್ಟೆಂಬರ್, ಮಂಗಳವಾರ

ರಾಮದುರ್ಗಕ್ಕೆ ಹೋಗಿ, ಅಲ್ಲಿಂದ ಸಾಲಹಳ್ಳಿಗೆ ಹೋಗಿದ್ದೆ. ಶೀತಲ ಕೊಟ್ಟ ಕಾಗದದಲ್ಲಿ ಆ ಊರಿನ ಒಂದು ಮನೆಯ ನಂಬರ್ ಇತ್ತು. ಸಿದ್ಧಾರೂಢ ಕಾರು ಕೊಡಲಿಲ್ಲ, ಬಸ್ಸಿನಲ್ಲಿ ಹೋದೆ. ಎಷ್ಟು ವರ್ಷಗಳಾಗಿದ್ದವೋ. ಯಾರೂ ಎದ್ದು ಜಾಗ ಕೊಡಲಿಲ್ಲ. ಹೂಲಿಯ ಗೌಡರ ಮಗಳೆಂದು ಆ ಬಸ್ಸಿನಲ್ಲಿ ಯಾರಿಗೆ ಗೊತ್ತು?

ಆ ನಂಬರಿನ ಮನೆಯಲ್ಲಿ ಸುಂದರವ್ವ ಎಂಬ ಮುದುಕಿ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಶೀತಲ ಎಂಬವಳನ್ನು ಅವಳು ಕಂಡೇ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ನಾಕನೇದವರ್ರಿ. ಹಿಂದಿನಾಕಿ ಅಳಕೋತ ಬಂದಿದ್ಲು. ನೀವು ಸಿಟ್ಟೀಲೆ ಬಂದೀರಿ. ಕುಂತ್ರಿ, ಚಾ ಕುಡೀರಿ. ಐದನೇದಾಕಿ ಬರೂದರೊಳಗ ಸಕ್ರಿ ತರಬೇಕು,” ಎಂದಳು.

ಕುಡಿದೆ. ಬೆಲ್ಲದ ಚಹಾ. ಸಿಟ್ಟಿನಲ್ಲಿ ಬಂದವಳ ಹಾಗೆ ನಾನು ಕಾಣುತ್ತಿದ್ದೆ ಎಂಬುದು ಗೊತ್ತಿರಲಿಲ್ಲ.

ಹಿಂದಿರುಗುವಾಗ ಯರಗಟ್ಟಿಯಲ್ಲಿ ಬಸ್ಸು ಕೆಟ್ಟು ಎರಡು ತಾಸು ಕುಳಿತೆವು. ಕಂಪನಿಯ ಕಚೇರಿ ಯಾವುದೋ ದ್ವೀಪದಲ್ಲಿದೆ ಎಂದು ವೈಟ್ ಪೇಪರಿನಲ್ಲಿತ್ತು. ಆ ದ್ವೀಪದಲ್ಲೂ ಒಬ್ಬ ಮುದುಕಿ ಜೋಳ ಹಸನು ಮಾಡುತ್ತಿರಬಹುದು.

೯ ಸೆಪ್ಟೆಂಬರ್

ಓದಲಿಲ್ಲ.

೧೫ ಸೆಪ್ಟೆಂಬರ್, ಭಾನುವಾರ

ಮೀನಾಳ ಗಂಟಲು ವಾಸಿಯಾಗಿ ಮೂರು ವಾರವಾದರೂ ಉಳಿದ ಆರು ಪುಟಗಳಿಗೆ ಅವಳು ಬರಲಿಲ್ಲ. ಇಂದು ನಾನೇ ಕುಳಿತೆ. ಹೈಸ್ಕೂಲಿನಲ್ಲಿ ಬಹುಮಾನ ಬಂದ ಇಂಗ್ಲಿಷ್–ಕನ್ನಡ ನಿಘಂಟು ತೆಗೆದೆ. ಇಪ್ಪತ್ತೇಳನೆಯ ಪುಟಕ್ಕೆ ನಾಲ್ಕು ತಾಸು ಬೇಕಾಯಿತು.

ರೆಫರಲ್ ಬೋನಸ್ ಎಂಬ ಮಾತು ನನ್ನ ಫೋನಿನಲ್ಲಿ ಯಾವಾಗಲೂ ಬರುತ್ತಿತ್ತು. ಬೋನಸ್ ಎಂದರೆ ಗೊತ್ತಿತ್ತು. ಅದರ ಹಿಂದಿನ ಮಾತನ್ನು ನಾನು ಓದುತ್ತಿರಲಿಲ್ಲ. ಆ ಪುಟದ ಪ್ರಕಾರ, ಯಾರ ಫೋನಿನ ಮೂಲಕ ಹೊಸಬರು ದುಡ್ಡು ಹಾಕುತ್ತಾರೋ ಅವರಿಗೆ ನೂರಕ್ಕೆ ಎಂಟು. ಹೊಸಬರು ಹಾಕಿದ ದುಡ್ಡಿನಿಂದಲೇ. ಕಂಪನಿಗೆ ಬೇರೆ ಆದಾಯವಿಲ್ಲ, ಖರ್ಚೂ ಇಲ್ಲ. ಹೊಟ್ಟೆ ಅಂದರೆ ಇಷ್ಟೇ.

ನಲವತ್ಮೂರು ಜನರದನ್ನೂ ನನ್ನ ಬೆರಳಿನಿಂದ ಒತ್ತಿಸಿದ್ದರು. ನನ್ನದು ಬೇಗ ಬೆಳೆಯಿತು. ಕೈಗುಣ ಎಂದರು. ನಾನೂ ಎಂದೆ. ಅದು ದಲಾಲಿ.

ಮೀನಾಳನ್ನು ಕರೆದು ಪುಟ ತೋರಿಸಿದೆ. ಅವಳು ನೋಡಲಿಲ್ಲ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

“ಮಾರ್ಚಿಂದ.”

ಹೇಳಲಿಲ್ಲವೇಕೆ ಎಂದೆ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. “ನಿನಗ ತಪ್ಪೈತಿ ಅಂತ ಈ ಮನ್ಯಾಗ ಯಾರರ ಯಾವತ್ತರ ಹೇಳ್ಯಾರೇನ ಆಯಿ? ಅಪ್ಪಗ ಧೈರ್ಯ ಇಲ್ಲ. ನಂಗ ಎಲ್ಲಿಂದ ಬರಬೇಕು?”

ಹೋಗು ಎಂದೆ. ಹೋದಳು.

ಏಪ್ರಿಲಿನಲ್ಲಿ, ಮೇ ತಿಂಗಳಲ್ಲಿ, ಎರಡು ಸಲ ನಾನು ಆ ಲೆಕ್ಕದಿಂದ ದುಡ್ಡು ತೆಗೆದಿದ್ದೆ, ಒಂದು ಲಕ್ಷ ತೊಂಬತ್ತು ಸಾವಿರ. ಮನೆಗೆ ಒಂದು ಪೈಸೆ ಬಳಸಲಿಲ್ಲ. ಬಳಗಕ್ಕೆ ಮೈಕ್ ಸೆಟ್ಟು, ಐವತ್ತು ಕುರ್ಚಿ ತೆಗೆಸಿಕೊಟ್ಟೆ. ಪ್ರತಿ ಕುರ್ಚಿಯ ಬೆನ್ನಿಗೂ ಯಜಮಾನರ ಹೆಸರು ಬರೆಸಿದೆ, ಸ್ಮರಣಾರ್ಥ ಎಂದು. ಆ ಹೆಂಗಸರು ಚಪ್ಪಾಳೆ ತಟ್ಟಿದ್ದರು.

೧೬ ಸೆಪ್ಟೆಂಬರ್, ಸೋಮವಾರ

ಬಳಗದ ಸಭೆಗೆ ಹೋದೆ. ಕೂರಲಿಲ್ಲ. ಮಂಡಿ ನೋವು, ಕೂತರೆ ಏಳಲು ಆಗುವುದಿಲ್ಲ ಎಂದೆ. ಒಂದೂವರೆ ತಾಸು ನಿಂತೆ.

೨೪ ಸೆಪ್ಟೆಂಬರ್, ಮಂಗಳವಾರ

ನನ್ನ ಕೈಯ ಚಿನ್ನದ ಪಾಟ್ಲಿಗಳನ್ನು ಮಾರಿದೆ. ಎರಡು ಲಕ್ಷ ಮೂವತ್ತು ಸಾವಿರ ಬಂತು. ಕೆಂಚವ್ವನಿಗೆ ಹೇಳಿ ಕಳಿಸಿದೆ. ಅಡುಗೆಮನೆಯ ಮೆಟ್ಟಿಲ ಮೇಲೆ ಇಬ್ಬರೂ ಕುಳಿತೆವು. ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂದಳು, ಮತ್ತೆ ಹಾಕಿಕೊಟ್ಟೆ. ಇಪ್ಪತ್ತೇಳನೆಯ ಪುಟದಲ್ಲಿ ಇದ್ದದ್ದನ್ನು ಹೇಳಿದೆ. ಅವಳ ಎರಡು ಲಕ್ಷ ಹತ್ತು ಸಾವಿರದಲ್ಲಿ ಹದಿನಾರು ಸಾವಿರದ ಎಂಟುನೂರು ನನಗೆ ಬಂದಿತ್ತು ಎಂದೂ ಹೇಳಿದೆ. ಆಮೇಲೆ ದುಡ್ಡಿನ ಗಂಟನ್ನು ಮುಂದಿಟ್ಟೆ.

ಅವಳು ಮುಟ್ಟಲಿಲ್ಲ. ಗಂಟನ್ನು ನೋಡುತ್ತಾ ಕುಳಿತಳು.

“ಎಲ್ಲಾರಿಗೂ ಕೊಡಾಕ ಹತ್ತೀರೇನ್ರಿ?”

ಆಗುವುದಿಲ್ಲ ಎಂದೆ. ಮನೆ, ಹೊಲ ಎರಡೂ ಸಿದ್ಧಾರೂಢನ ಜೊತೆ ಜಂಟಿಯಾಗಿವೆ, ಅವನ ಸಹಿಯಿಲ್ಲದೆ ಮಾರಲು ಬರುವುದಿಲ್ಲ. ಅವನು ಸಹಿ ಮಾಡುವುದಿಲ್ಲ.

“ಮತ್ತ ನಾ ಒಬ್ಬಾಕೆ ತಗೊಂಡು ಗಿರಣಿ ಹಾಕಿದ್ರ, ಹಿಟ್ಟು ಬೀಸಾಕ ಬರೂ ಹೆಣಮಕ್ಕಳ ಮಾರಿ ಹ್ಯಾಂಗ ನೋಡ್ಲಿ? ಇಟ್ಕೋರಿ. ನೀವು ಹೇಳಿದ್ರಲ್ಲ, ಅಷ್ಟ ಸಾಕು.”

ಅಷ್ಟೇ ಹೇಗೆ ಸಾಕಾಗುತ್ತದೆ? ಹೋಗುವಾಗ ಮುಂದಿನ ಬಾಗಿಲಿನಿಂದ ಕಳಿಸಿದೆ. ಹಿತ್ತಲಲ್ಲಿ ಕೆಸರಿತ್ತು.

೩ ಅಕ್ಟೋಬರ್, ಗುರುವಾರ

ಮಡಿವಾಳೆಪ್ಪ ವಕೀಲರ ಬಳಿ ಹೋಗಿದ್ದೆ. ಯಜಮಾನರ ಕಾಲದಿಂದ ನಮ್ಮ ವ್ಯವಹಾರ ನೋಡಿದವರು. ನಾನು ಒಯ್ದ ಕಾಗದವನ್ನೆಲ್ಲ ಓದಿ ಕನ್ನಡಕ ತೆಗೆದು ಒರೆಸಿದರು. ಶೀತಲ ಎಂಬುದು ಅವಳ ಹೆಸರೇ ಇರಲಿಕ್ಕಿಲ್ಲ. ಫೋನು ಬಂದ್. ಕಂಪನಿ ಸಮುದ್ರದಾಚೆ. ಅಪರಿಚಿತರ ಮೇಲೆ ದೂರು ಕೊಡಬಹುದು, ಕೊಟ್ಟ ದೂರು ಹಾಗೆಯೇ ಇರಬಹುದು ಎಂದರು.

ವಿಳಾಸವಿರುವ, ಆಸ್ತಿಯಿರುವ ಒಬ್ಬರು ಸಿಕ್ಕರೆ ಏನಾಗುತ್ತದೆ ಎಂದು ಕೇಳಿದೆ. ಆಗ ಪ್ರಕರಣಕ್ಕೆ ಜೀವ ಬರುತ್ತದೆ ಎಂದರು. ಅವರ ಪಾಲಿನ ಆಸ್ತಿಯನ್ನು ಜಪ್ತಿ ಮಾಡಲು ಕೋರ್ಟನ್ನು ಕೇಳಬಹುದು. ಎಷ್ಟು ವರ್ಷವಾಗುತ್ತದೋ ಹೇಳಲಾಗದು. ಕೊನೆಗೆ ರೂಪಾಯಿಗೆ ನಾಲ್ಕಾಣೆ ಬಂದರೆ ದೊಡ್ಡದು.

ಅಂಥವರು ಯಾರಿದ್ದಾರೆ ಎಂದು ಕೇಳಿದರು. ನನ್ನ ಬ್ಯಾಂಕಿನ ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟೆ. 

“ಅಕ್ಕಾರ, ಹುಚ್ಚು ಹಿಡದೈತೇನ್ರಿ? ನೀವೂ ಮೋಸಹೋದವ್ರ.”

ಮೋಸಹೋದವಳಿಗೆ ದಲಾಲಿ ಬರುವುದಿಲ್ಲ ಎಂದೆ. ಚಹಾ ತರಿಸಿದರು. ಇಬ್ಬರೂ ಕುಡಿಯಲಿಲ್ಲ.

ಎರಡು ತಿಂಗಳು ಓದಿದೆ. ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಎಲ್ಲಿಂದ ಉಣ್ಣುತ್ತವೆ ಎಂದು ತಿಳಿಯಿತು. ನಮ್ಮ ಬಿಲ್ಲಿಯ ಕಂಪನಿ ಉಂಡದ್ದು ನನ್ನ ಹೆಸರನ್ನು. ಆ ಇಡೀ ವ್ಯಾಪಾರದಲ್ಲಿ ನಿಜವಾದ ವಸ್ತು ಅದೊಂದೇ ಇತ್ತು. ಅದೂ ಈಗ ಮುಗಿದಿದೆ.

೧೨ ಅಕ್ಟೋಬರ್, ಶನಿವಾರ. ವಿಜಯದಶಮಿ

ಪ್ರತಿ ವರ್ಷ ಬನ್ನಿ ಕೊಡಲು ನೂರಾರು ಜನ ಬರುತ್ತಾರೆ. ಎರಡು ತಾಸು ಪಡಸಾಲೆಯಲ್ಲಿ ಕುಳಿತೇ ಇರಬೇಕಾಗುತ್ತದೆ, ನಮಸ್ಕಾರ ಮಾಡಿಸಿಕೊಳ್ಳಲು. ಇಂದು ಒಂಬತ್ತು ಜನ ಬಂದರು. ತಟ್ಟೆಯಲ್ಲಿ ಬನ್ನಿ ಎಲೆ ಅಷ್ಟಷ್ಟೇ ಇತ್ತು.

ಬಂದವರಲ್ಲಿ ಸಂಗೊಳ್ಳಿಯಿಂದ ಈ ಓಣಿಗೆ ಸೊಸೆಯಾಗಿ ಬಂದ ಭಾಗೀರಥಿಯೂ ಇದ್ದಳು, ಅವಳದು ಮೂರು ಲಕ್ಷ ಹೋಗಿದೆ. ಎಲ್ಲರ ಎದುರು ಇಪ್ಪತ್ತೇಳನೆಯ ಪುಟದ ವಿಷಯ ಹೇಳಿದೆ. ಹೇಳಲು ನಾಲ್ಕು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಒಬ್ಬರೂ ಅಚ್ಚರಿಪಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಭಾಗೀರಥಿ ಬಾಯಿಬಿಟ್ಟಳು. “ಅದು ನಮಗ ಜುಲೈದಾಗ ಗೊತ್ತಾಗೇತ್ರಿ ಅಕ್ಕಾರ. ನಿಮಗ ಮೊದಲಿಂದ ಗೊತ್ತೈತಿ ಅಂತ ತಿಳಕೊಂಡಿದ್ವಿ.”

ಬನ್ನಿ ಕೊಟ್ಟರು. ನಮಸ್ಕಾರವನ್ನೂ ಮಾಡಿದರು, ಅದು ಅವರ ದೊಡ್ಡಗುಣ. ಇಷ್ಟು ದಿನ ನನ್ನೆದುರು ಕುಳಿತು, ನಾನು ಓದುತ್ತಿದ್ದೇನೆ ಎಂದಾಗಲೆಲ್ಲ ತಲೆಯಾಡಿಸುತ್ತಿದ್ದವರು, ನನ್ನನ್ನು ಕಳ್ಳಿ ಎಂದು ತಿಳಿದೇ ಕುಳಿತಿದ್ದರು. ಕುರ್ಚಿಗಳ ಮೇಲಿನ ಹೆಸರನ್ನು ದಿನಾ ಓದುತ್ತಾ.

ಓದಲು ಬರುವುದು ನನಗೊಬ್ಬಳಿಗೆ ಎಂದು ಕೆಂಚವ್ವ ಅಂದದ್ದು ಕುಚೋದ್ಯವಾಗಿತ್ತೋ ಏನೋ. ಇರಲಿಕ್ಕಿಲ್ಲ. ಇದ್ದರೂ ತಪ್ಪಿಲ್ಲ.

೧೭ ಅಕ್ಟೋಬರ್, ಗುರುವಾರ

ನನ್ನ ಹೆಸರನ್ನೂ ಸೇರಿಸಿ ದೂರು ಕೊಡುವ ವಿಷಯ ಸಿದ್ಧಾರೂಢನಿಗೆ ಹೇಳಿದೆ. ತಾಯಿಯ ಮುಂದೆ ಎಂದೂ ಎತ್ತದ ದನಿ ಎತ್ತಿದ. ಹತ್ತಿ ಬರುವ ಹಂಗಾಮು ಶುರುವಾಗಿದೆ. ಠಾಣೆಯಲ್ಲಿ ಹೆಸರು ಬಂದ ಮನೆಯ ಅಂಗಡಿಗೆ ಯಾವ ರೈತ ಗಾಡಿ ತಿರುಗಿಸುತ್ತಾನೆ ಎಂದ. ನಾಲ್ಕು ದಿನ ಸುಮ್ಮನಿದ್ದರೆ ಜನ ಮರೆಯುತ್ತಾರೆ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅಂಗಡಿ ನಿಲ್ಲಲಿಕ್ಕಿಲ್ಲ.

“ಅವ್ವಾ, ಇದರಿಂದ ಯಾರಿಗೆ ಏನ ಸಿಗತೈತಿ? ಅವ್ರಿಗೂ ಇಲ್ಲ, ನಮಗೂ ಇಲ್ಲ.”

 ಇಲ್ಲ ಎಂದೇ ಹೇಳಿದೆ. ಅವನು ಅತ್ತ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ನೋಡಿರಲಿಲ್ಲ. ತಲೆ ಮುಟ್ಟಿದೆ. ಕೂದಲು ತೆಳ್ಳಗಾಗಿದೆ.

ದೂರನ್ನು ನಾನೇ ಕನ್ನಡದಲ್ಲಿ ಬರೆದೆ. ಮೀನಾ ಪ್ರತಿ ಮಾಡಿಸಿ ತಂದಳು. ಎರಡು ಕಡೆ ತಪ್ಪಿದೆ ಆಯಿ ಎಂದು ತೋರಿಸಿದಳು, ತಿದ್ದಿದೆ.

೨೧ ಅಕ್ಟೋಬರ್, ಸೋಮವಾರ

ಆಯಿತು.

ನಲವತ್ಮೂರರಲ್ಲಿ ಮೂವತ್ತೆಂಟು ಜನ ಸಹಿ ಮಾಡಿದರು. ಮೊದಲ ಹೆಸರು ಕೆಂಚವ್ವನವರದು. ಸುಲಭಕ್ಕೆ ಒಪ್ಪಲಿಲ್ಲ. ನಿಮ್ಮ ಹೆಸರಿನ ಎದುರು ನಾನು ಹೇಗೆ ಸಹಿ ಹಾಕಲಿ, ನಿಮ್ಮ ಮನೆಯ ಉಪ್ಪು ತಿಂದಿದ್ದೇನೆ ಎಂದರು. ನಾನು ನಿಮ್ಮ ಎಮ್ಮೆಗಳ ದುಡ್ಡು ತಿಂದಿದ್ದೇನೆ, ಹಾಕಿರಿ ಎಂದೆ. ಹಾಕಿದರು. ಅಕ್ಷರ ದುಂಡಗಿದ್ದವು, ನನ್ನವಕ್ಕಿಂತ ಚೆನ್ನಾಗಿ.

ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ನಡೆದೇ ಹೋದೆವು. ಮೀನಾ, ಕೆಂಚವ್ವನವರು, ಭಾಗೀರಥಿ, ನಾನು. ಹವಾಲ್ದಾರ ಶಟ್ಟೆಪ್ಪನವರು ನನ್ನನ್ನು ನೋಡಿ ಎದ್ದು ನಿಂತು ಕುರ್ಚಿ ಕೊಟ್ಟರು. ದೂರನ್ನು ಕೈಗೆ ಕೊಟ್ಟೆ. ಬಾಯಿಯಲ್ಲೇ ಓದಿಕೊಳ್ಳುತ್ತಾ ಹೋದರು: ಕಂಪನಿ, ಬಿಲ್ಲಿ, ಶೀತಲ, ನೂರಕ್ಕೆ ಎಂಟು. ಆರೋಪಿಗಳ ಪಟ್ಟಿಗೆ ಬರುವ ಮೊದಲೇ ಪುಟ ಮಡಚಿ, ಇಂಥವು ಬಹಳ ಬಂದಿವೆ, ಯಾರೂ ಕೈಗೆ ಸಿಗುವುದಿಲ್ಲ ಎಂದರು.

“ಅವ್ವಾರ, ಬರಕೊಳ್ಳಾಕ ಏನೂ ಅಡ್ಡಿಯಿಲ್ಲ. ಆದ್ರ ಆರೋಪಿ ಎಲ್ಲದಾರ ಅಂತ ಬರೀಲಿ?”

“ನಿಮ್ಮ ಮುಂದ ಕುಂತಾಳಲ್ಲ,” ಎಂದೆ.

ಪುಟ ಬಿಚ್ಚಿ ಮತ್ತೆ ಓದಿದರು. ಆರೋಪಿಗಳ ಪಟ್ಟಿಯ ಒಂದನೆಯ ಹೆಸರಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು, ಭಾಗೀರಥಿಯನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಸಾಹೇಬರನ್ನು ಕರೆತಂದರು. ಮೂರು ತಾಸು ಹಿಡಿಯಿತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ: ವಿಳಾಸ, ಹೊಲದ ಸರ್ವೆ ನಂಬರ್, ಬ್ಯಾಂಕಿನ ಪುಸ್ತಕ, ಫೋನು. ಫೋನನ್ನು ಅಲ್ಲೇ ಇಟ್ಟುಕೊಂಡರು. ಕರೆದಾಗ ಬರಬೇಕು, ಊರು ಬಿಡಬಾರದು ಎಂದರು. ಎಲ್ಲಿಗೂ ಹೋಗುವುದಿಲ್ಲ ಎಂದೆ.

ದೂರು ಸ್ವೀಕರಿಸಿದ್ದಕ್ಕೆ ಸಹಿ, ಮೊಹರು ಹಾಕಿದ ಚೀಟಿಯನ್ನು ಶಟ್ಟೆಪ್ಪನವರು ರೂಢಿಯಂತೆ ನನ್ನ ಕಡೆ ಚಾಚಿದರು. ಅದು ನನಗೆ ಸೇರಿದ್ದಲ್ಲ ಎಂದೆ. ಕೆಂಚವ್ವನವರು ತೆಗೆದುಕೊಂಡು, ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.